ಕರ್ನೆಲ್‌ಗೆ ಸೆಕ್ಯುರಿಟಿ ಮಾಡ್ಯೂಲ್: 'ಯಾರು' ಅನ್ನುವುದಕ್ಕಿಂತ 'ಯಾವಾಗ' ಮುಖ್ಯ

ಒಂದು ಲಿನಕ್ಸ್ ಸರ್ವರ್‌ನಲ್ಲಿ ಬಿಪಿಎಫ್ ಸೆಕ್ಯುರಿಟಿ ಮಾಡ್ಯೂಲ್ (ಕರ್ನೆಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಓಡುವಾಗಲೇ ಪುಟ್ಟ ಕಾವಲು ಪ್ರೋಗ್ರಾಂ ಹಾಕಲು ಬಿಡುವ ಭಾಗ) ಆನ್ ಮಾಡಬೇಕಿತ್ತು. ಬೂಟ್ ಸಾಲಿನ (ಯಂತ್ರ ಶುರುವಾಗುವಾಗ ಕರ್ನೆಲ್‌ಗೆ ಕೊಡುವ ಸೂಚನೆಗಳ ಸಾಲು) ಕೊನೆಯಲ್ಲಿ 'ಎಲ್‌ಎಸ್‌ಎಂ=ಬಿಪಿಎಫ್' ಅಂತ ಸೇರಿಸಿ ರೀಬೂಟ್ ಮಾಡಿದೆ. ಯಂತ್ರ ಸಲೀಸಾಗಿ ಎದ್ದಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಎಲ್ಲ ಸರ್ವಿಸುಗಳೂ ಓಡುತ್ತಿದ್ದವು. ನಾಲ್ಕೈದು ದಿನ ಆದ ಮೇಲೆ ಬೇರೆ ಏನನ್ನೋ ಹುಡುಕುತ್ತಾ, ಚಾಲ್ತಿಯಲ್ಲಿರುವ ಸೆಕ್ಯುರಿಟಿ ಮಾಡ್ಯೂಲ್‌ಗಳ ಪಟ್ಟಿ ಇರುವ ಫೈಲನ್ನು ತೆರೆದೆ. ಅಲ್ಲಿ ಮೂರೇ ಹೆಸರು. ಲಾಕ್‌ಡೌನ್, ಕೇಪಬಿಲಿಟಿ, ಬಿಪಿಎಫ್. ಮುಂಚೆ ಇದ್ದ ಇನ್ನೆರಡು ಕಾವಲು ಮಾಡ್ಯೂಲ್‌ಗಳು ಕಾಣಲಿಲ್ಲ. ಆಪ್‌ಆರ್ಮರ್ ಎಲ್ಲಿ ಹೋಯ್ತು? ಯಾಮಾ ಎಲ್ಲಿ?

'ಎಲ್‌ಎಸ್‌ಎಂ=' ಅನ್ನುವ ಆ ಪ್ಯಾರಾಮೀಟರ್, ಆಗಲೇ ಇರುವ ಪಟ್ಟಿಗೆ ಹೊಸ ಹೆಸರು ಸೇರಿಸುವುದಿಲ್ಲ. ಪಟ್ಟಿಯನ್ನೇ ತೆಗೆದು ನಾವು ಬರೆದದ್ದನ್ನು ಅಲ್ಲಿ ಇಡುತ್ತದೆ. ನಾನು ಒಂದೇ ಹೆಸರು ಬರೆದಿದ್ದೆ, ಹಾಗಾಗಿ ಆಪ್‌ಆರ್ಮರ್ ಬೂಟ್ ಹೊತ್ತಿನಲ್ಲೇ ಹೊರಗುಳಿದಿತ್ತು. ಅದರ ಪ್ರೊಫೈಲ್‌ಗಳನ್ನು (ಯಾವ ಪ್ರೋಗ್ರಾಂ ಏನು ಮಾಡಬಹುದು ಅನ್ನುವ ನಿಯಮಗಳು) ಲೋಡ್ ಮಾಡುವ ಸರ್ವಿಸು "ಕರ್ನೆಲ್‌ನಲ್ಲಿ ಆಪ್‌ಆರ್ಮರ್ ಇದ್ದರೆ ಮಾತ್ರ ಓಡು" ಅನ್ನುವ ಷರತ್ತು ಇಟ್ಟುಕೊಂಡಿತ್ತು. ಷರತ್ತು ಸೇರಲಿಲ್ಲ, ಅದು ಸುಮ್ನೆ ಸ್ಕಿಪ್ ಆಯ್ತು. ಸ್ಕಿಪ್ ಆದದ್ದು ಫೇಲ್ ಆದ ಲೆಕ್ಕಕ್ಕೆ ಬರುವುದಿಲ್ಲ, ಕೆಂಪು ಬಣ್ಣದಲ್ಲಿ ಏನೂ ಕಾಣುವುದಿಲ್ಲ. ಒಂದು ಕಾವಲು ಸೇರಿಸಲು ಹೋಗಿ ಇದ್ದ ಎರಡನ್ನು ಕಳಿಸಿಬಿಟ್ಟಿದ್ದೆ, ಅದೂ ಗೊತ್ತೇ ಆಗದ ಹಾಗೆ.

ಸೆಕ್ಯುರಿಟಿ ಮಾಡ್ಯೂಲ್ ಲೋಡ್ ಮಾಡುವುದು ಅಂದ ತಕ್ಷಣ ಹೆಚ್ಚಿನವರು ಮೊದಲು ಕೇಳುವುದು "ಇದು ಅಸಲಿಯಾ, ಸಹಿ ಇದೆಯಾ?" ಅಂತ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಇನ್ನೆರಡು ಪ್ರಶ್ನೆ ಇವೆ, ನನ್ನ ಮಟ್ಟಿಗೆ ಅವು ಜಾಸ್ತಿ ಮುಖ್ಯ. ಇದು ಯಾವಾಗ ಬಂತು? ಬಂದ ಮೇಲೆ ಇದನ್ನು ಯಾರು ಎಬ್ಬಿಸಿ ಕಳಿಸಬಹುದು? ಲಿನಕ್ಸ್ ಕರ್ನೆಲ್ ಈ ಎರಡಕ್ಕೆ ಉತ್ತರ ಹುಡುಕುತ್ತಾ ಎರಡು ದಶಕ ಕಳೆದಿದೆ.

ಮೊದಲು ಬುಡದಿಂದ ಬರೋಣ. ಕರ್ನೆಲ್ ಮಾಡ್ಯೂಲ್ ಅಂದರೆ ಕರ್ನೆಲ್ ಓಡುತ್ತಿರುವಾಗಲೇ ಅದರೊಳಗೆ ಸೇರಿಸಬಹುದಾದ ಒಂದು ತುಂಡು ಕೋಡ್. ಬ್ರೌಸರ್‌ಗೆ ಎಕ್ಸ್‌ಟೆನ್ಷನ್ ಹಾಕಿದಂತಲ್ಲ ಇದು. ಎಕ್ಸ್‌ಟೆನ್ಷನ್‌ಗೆ ಬೇಲಿ ಇರುತ್ತದೆ. ಕರ್ನೆಲ್ ಮಾಡ್ಯೂಲ್‌ಗೆ ಬೇಲಿ ಇಲ್ಲ. ಒಳಗೆ ಬಂದ ಮೇಲೆ ಅದೂ ಕರ್ನೆಲ್ಲೇ. ಅದೇ ಮೆಮೊರಿ, ಅದೇ ಅಧಿಕಾರ. ಯಾವ ಪ್ರೋಸೆಸ್‌ನ ಡೇಟಾ ಬೇಕಾದರೂ ಓದಬಹುದು, ಯಾವ ಫಂಕ್ಷನ್ ಬೇಕಾದರೂ ತಿದ್ದಬಹುದು. ಅದರಲ್ಲಿ ಒಂದು ತಪ್ಪು ಪಾಯಿಂಟರ್ ಇದ್ದರೆ ಬೀಳುವುದು ಆ ಮಾಡ್ಯೂಲ್ ಮಾತ್ರ ಅಲ್ಲ, ಇಡೀ ಯಂತ್ರ. ಹಾಗಾಗಿ ಮಾಡ್ಯೂಲ್ ಹಾಕುವ ಹಕ್ಕಿಗೆ ಒಂದು ಪ್ರತ್ಯೇಕ ಕೇಪಬಿಲಿಟಿಯನ್ನೇ (ಬಿಡಿಯಾಗಿ ಕೊಡುವ ಅನುಮತಿ) ಇಟ್ಟಿದ್ದಾರೆ, ಅದು ಕೈಗೆ ಸಿಕ್ಕರೆ ಬೇರೆ ಯಾವ ಹಕ್ಕೂ ಬೇಕಾಗಿಲ್ಲ.

ಈಗ ಸೆಕ್ಯುರಿಟಿ ಮಾಡ್ಯೂಲ್‌ಗೆ ಬರೋಣ. 2001ರಲ್ಲಿ ಅಮೆರಿಕದ ಎನ್‌ಎಸ್‌ಎ ಗುಪ್ತಚರ ಸಂಸ್ಥೆಯವರು ಎಸ್‌ಇ-ಲಿನಕ್ಸ್ ಅನ್ನು (ಲೇಬಲ್ ನೋಡಿ ಅನುಮತಿ ಕೊಡುವ ರಕ್ಷಣಾ ವ್ಯವಸ್ಥೆ) ಕರ್ನೆಲ್ ಡೆವಲಪರ್‌ಗಳ ಮುಂದೆ ಇಟ್ಟರು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಯಾವುದೋ ಒಂದೇ ಪದ್ಧತಿಯನ್ನು ಕರ್ನೆಲ್‌ಗೆ ಕಟ್ಟಿಹಾಕಲು ಒಪ್ಪಲಿಲ್ಲ, ಯಾವ ಪದ್ಧತಿಯನ್ನಾದರೂ ಸಿಕ್ಕಿಸಬಹುದಾದ ಒಂದು ಸಾಮಾನ್ಯ ಚೌಕಟ್ಟು ಕೇಳಿದರು. ಹಾಗೆ ಹುಟ್ಟಿದ್ದು ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ ಚೌಕಟ್ಟು, ಚಿಕ್ಕದಾಗಿ ಎಲ್‌ಎಸ್‌ಎಂ. 2003ರ ಕೊನೆಗೆ ಬಂದ 2.6 ಕರ್ನೆಲ್‌ನಲ್ಲಿ ಅದು ಸೇರಿತ್ತು.

ಇದು ಕೆಲಸ ಮಾಡುವ ರೀತಿ ಸರಳ. ಒಂದು ಪ್ರೋಗ್ರಾಂ ಒಂದು ಫೈಲ್ ತೆರೆಯಲು ಕೇಳುತ್ತದೆ ಅನ್ನಿ. ಕರ್ನೆಲ್ ಮೊದಲು ಮಾಮೂಲಿ ಪರ್ಮಿಷನ್ ನೋಡುತ್ತದೆ, ಅಂದರೆ ಓನರ್ ಯಾರು, ಗ್ರೂಪ್ ಯಾವುದು, ಓದಲು ಬಿಡಬಹುದಾ. ಅಲ್ಲೇ 'ಇಲ್ಲ' ಬಂದರೆ ಮಾತು ಮುಗಿಯಿತು. 'ಹೌದು' ಅಂದರೆ, ಫೈಲ್ ಕೈಗೆ ಕೊಡುವ ಮುಂಚೆ ಒಂದು ಹುಕ್ ಇದೆ. ಅಲ್ಲಿ ಕರ್ನೆಲ್ ನಿಂತು ಎಲ್ಲ ಸೆಕ್ಯುರಿಟಿ ಮಾಡ್ಯೂಲ್‌ಗಳನ್ನೂ ಸಾಲಾಗಿ ಕೇಳುತ್ತದೆ, "ನಿನ್ನದೇನಾದರೂ ತಕರಾರು ಇದೆಯಾ?" ಯಾರಾದರೂ ಒಬ್ಬರು ಬೇಡ ಅಂದರೆ ಫೈಲ್ ಸಿಗುವುದಿಲ್ಲ. ಇಂಥ ಹುಕ್‌ಗಳು 200ಕ್ಕೂ ಹೆಚ್ಚು ಇವೆ. ಪ್ರೋಗ್ರಾಂ ಶುರುವಾಗುವಾಗ, ಸಾಕೆಟ್ ತೆರೆಯುವಾಗ, ಮೌಂಟ್ ಮಾಡುವಾಗ, ಇನ್ನೊಂದು ಮಾಡ್ಯೂಲನ್ನು ಲೋಡ್ ಮಾಡುವಾಗಲೂ.

ಹೆಸರಲ್ಲಿ 'ಮಾಡ್ಯೂಲ್' ಇದೆ ಅಲ್ವಾ, ಹಾಗಾದರೆ ಡ್ರೈವರ್ ಹಾಕಿದ ಹಾಗೆ ಇದನ್ನೂ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದಾ? ಶುರುವಿನಲ್ಲಿ ಆಗುತ್ತಿತ್ತು. ಈಗ ಆಗುವುದಿಲ್ಲ. 2008ರ ಜನವರಿಯಲ್ಲಿ ಬಂದ 2.6.24 ಕರ್ನೆಲ್‌ನಿಂದ ಆ ದಾರಿಯನ್ನು ಮುಚ್ಚಿದರು. ಎಲ್‌ಎಸ್‌ಎಂ ಅನ್ನುವುದು ಕರ್ನೆಲ್ ಜೊತೆಗೇ ಕಂಪೈಲ್ ಆಗಿರಬೇಕು, ಬೂಟ್ ಹೊತ್ತಿನಲ್ಲೇ ನೆಲೆ ನಿಲ್ಲಬೇಕು. ಹೆಸರು ಮಾತ್ರ ಹಳೆಯದೇ ಉಳಿಯಿತು, ಹೊಸಬರಿಗೆ ಗೊಂದಲ ಹುಟ್ಟಿಸುವ ಹೆಸರು.

ಯಾಕೆ ಮುಚ್ಚಿದರು ಅನ್ನುವುದರಲ್ಲಿ ಈ ವಿಷಯದ ತಿರುಳು ಇದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಯಂತ್ರ ಎದ್ದು ಒಂದು ಗಂಟೆ ಆದ ಮೇಲೆ ಒಂದು ಸೆಕ್ಯುರಿಟಿ ಮಾಡ್ಯೂಲ್ ಒಳಗೆ ಬಂತು ಅಂದುಕೊಳ್ಳಿ. ಅಷ್ಟು ಹೊತ್ತಿಗೆ ನೂರಾರು ಪ್ರೋಸೆಸ್‌ಗಳು ಓಡುತ್ತಿವೆ. ಸಾವಿರಾರು ಫೈಲ್‌ಗಳು ತೆರೆದಿವೆ. ಸಾಕೆಟ್‌ಗಳು ಆಚೆ ತುದಿಯ ಜೊತೆ ಮಾತಾಡುತ್ತಿವೆ. ಈ ಮಾಡ್ಯೂಲ್ ಎಸ್‌ಇ-ಲಿನಕ್ಸ್ ಥರದ್ದಾದರೆ, ಪ್ರತಿ ಪ್ರೋಸೆಸ್‌ಗೂ ಪ್ರತಿ ಫೈಲ್‌ಗೂ ಒಂದು ಲೇಬಲ್ ಬೇಕು, ಅದನ್ನು ನೋಡಿಯೇ ಅದು ತೀರ್ಮಾನ ಮಾಡುವುದು. ಆದರೆ ಆಗಲೇ ಹುಟ್ಟಿರುವವಕ್ಕೆ ಲೇಬಲ್ ಎಲ್ಲಿದೆ? ಅವು ಹುಟ್ಟುವಾಗ ನೋಡಿದವರೇ ಇಲ್ಲ. ಈ ಪ್ರೋಸೆಸ್ಸನ್ನು ಶುರು ಮಾಡಿದ್ದು ಯಾವ ಪ್ರೋಗ್ರಾಂ, ಅದರ ಅಪ್ಪ ಯಾರು, ನಡುವೆ ಏನೇನು ಬದಲಾಯಿತು ಅನ್ನುವುದನ್ನು ಈಗ ಊಹಿಸಬೇಕು. ಊಹೆಯ ಮೇಲೆ ಕಟ್ಟಿದ ರಕ್ಷಣೆಗೆ ಬೆಲೆ ಇಲ್ಲ. ಅದಕ್ಕಿಂತ ಕೆಟ್ಟದ್ದು, ಒಂದು ಗುಟ್ಟಿನ ಫೈಲನ್ನು ಯಾರೋ ಆಗಲೇ ತೆರೆದು ಇಟ್ಟುಕೊಂಡಿದ್ದರೆ 'ತೆರೆಯುವಾಗ' ಕೇಳುವ ಹುಕ್ ಇನ್ನು ಯಾವತ್ತೂ ಓಡುವುದಿಲ್ಲ, ತೆರೆಯುವುದು ಮುಗಿದುಹೋಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಲೇಬಲ್ ಇಡುವುದಕ್ಕೆ ಜಾಗದ ಪ್ರಶ್ನೆಯೂ ಇದೆ. ಇವತ್ತಿನ ಕರ್ನೆಲ್‌ನಲ್ಲಿ ಬೂಟ್ ಆಗುವಾಗ ಪ್ರತಿ ಮಾಡ್ಯೂಲ್ ಮುಂದೆ ಬಂದು ತನ್ನ ಲೆಕ್ಕ ಹೇಳುತ್ತದೆ. ಪ್ರತಿ ಐನೋಡ್‌ಗೆ (ಒಂದು ಫೈಲ್‌ನ ಬಗ್ಗೆ ಕರ್ನೆಲ್ ಇಟ್ಟುಕೊಳ್ಳುವ ದಾಖಲೆ) ಇಷ್ಟು ಬೈಟ್ ಬೇಕು, ಪ್ರತಿ ಕ್ರೆಡೆನ್ಷಿಯಲ್‌ಗೆ (ಪ್ರೋಸೆಸ್‌ನ ಗುರುತು ಮತ್ತು ಹಕ್ಕುಗಳ ದಾಖಲೆ) ಇಷ್ಟು ಬೇಕು. ಕರ್ನೆಲ್ ಎಲ್ಲವನ್ನೂ ಕೂಡಿಸಿ, ಯಾರ ಜಾಗ ಎಲ್ಲಿಂದ ಶುರು ಅನ್ನುವುದನ್ನು ಒಮ್ಮೆ ಗೊತ್ತು ಮಾಡುತ್ತದೆ. ಆಮೇಲೆ ಹುಟ್ಟುವ ಪ್ರತಿ ಐನೋಡ್‌ಗೂ ಆ ಒಟ್ಟು ಅಳತೆಯ ಒಂದು ತುಂಡು ಮೆಮೊರಿ ಜೊತೆಗೇ ಬರುತ್ತದೆ. ತಡವಾಗಿ ಬಂದವರಿಗೆ ಆ ತುಂಡಿನಲ್ಲಿ ಜಾಗ ಉಳಿದಿರುವುದಿಲ್ಲ.

ತೆಗೆಯುವುದು ಹಾಕುವುದಕ್ಕಿಂತ ಅಪಾಯ. ಮಾಡ್ಯೂಲನ್ನು ಮೆಮೊರಿಯಿಂದ ಕಿತ್ತ ಆ ಕ್ಷಣದಲ್ಲಿ ಬೇರೆ ಸಿಪಿಯುವಿನಲ್ಲಿ ಒಂದು ಥ್ರೆಡ್ ಅದೇ ಮಾಡ್ಯೂಲ್‌ನ ಹುಕ್ ಒಳಗೆ ಅರ್ಧ ದಾರಿಯಲ್ಲಿ ಇದ್ದರೆ? ಅದರ ಕಾಲ ಕೆಳಗಿನ ಕೋಡ್ ಇಲ್ಲವಾಗುತ್ತದೆ. ಇದನ್ನು ಹೇಗೋ ಸರಿಮಾಡಿದರೂ ಇನ್ನೊಂದು ಉಳಿಯುತ್ತದೆ. ತೆಗೆಯಲು ಒಂದು ದಾರಿ ಇದೆ ಅಂದರೆ ಆ ದಾರಿ ದಾಳಿ ಮಾಡುವವನಿಗೂ ಇದೆ. ಇನ್ನೂ ಒಂದು ಕಾರಣ ಅಂದರೆ, ಹುಕ್ ನೋಂದಾಯಿಸುವ ಫಂಕ್ಷನ್ ಹೊರಗಿನ ಮಾಡ್ಯೂಲ್‌ಗಳಿಗೆ ಸಿಗುತ್ತಿದ್ದರಿಂದ, ಸೆಕ್ಯುರಿಟಿಗೆ ಸಂಬಂಧವೇ ಇಲ್ಲದವರೂ ಕರ್ನೆಲ್ ಒಳಗೆ ಕೈ ಹಾಕಲು ಅದನ್ನು ಬಳಸುತ್ತಿದ್ದರು.

ಹಾಗಾಗಿ ಈಗಿನ ಕ್ರಮ ಹೀಗಿದೆ. ಕರ್ನೆಲ್ ಶುರುವಾಗುವಾಗ, ಮೊದಲ ಪ್ರೋಸೆಸ್ ಹುಟ್ಟುವುದಕ್ಕೂ ಮುಂಚೆ, ಪಟ್ಟಿಯಲ್ಲಿರುವ ಸೆಕ್ಯುರಿಟಿ ಮಾಡ್ಯೂಲ್‌ಗಳು ಕ್ರಮವಾಗಿ ಏಳುತ್ತವೆ. ಕೇಪಬಿಲಿಟಿ ಯಾವಾಗಲೂ ಇರುತ್ತದೆ, ಅದನ್ನು ಬಿಡಲು ಆಗುವುದಿಲ್ಲ. ಎಲ್ಲರೂ ತಮ್ಮ ಹುಕ್‌ಗಳನ್ನು ಕೊಟ್ಟ ಮೇಲೆ ಆ ಹುಕ್ ಪಟ್ಟಿ ಇರುವ ಮೆಮೊರಿಯನ್ನು ಕರ್ನೆಲ್ 'ಓದಲು ಮಾತ್ರ' ಅಂತ ಸೀಲ್ ಮಾಡುತ್ತದೆ. ಆಮೇಲೆ ಸಾಮಾನ್ಯ ದಾರಿಯಲ್ಲಿ ಅದರಲ್ಲಿ ಒಂದು ಅಕ್ಷರ ಬರೆಯಲು ಕರ್ನೆಲ್‌ಗೂ ಆಗುವುದಿಲ್ಲ.

ಈ ಸೀಲ್‌ಗೆ ಬಹಳ ಕಾಲ ಒಂದು ತೂತು ಇತ್ತು. ಎಸ್‌ಇ-ಲಿನಕ್ಸ್‌ನ ಕಾನ್ಫಿಗ್ ಫೈಲ್‌ನಲ್ಲಿ 'ಡಿಸೇಬಲ್ಡ್' ಅಂತ ಬರೆದರೆ, ಬೂಟ್ ಆದ ಮೇಲೆ, ಪಾಲಿಸಿ ಲೋಡ್ ಆಗುವ ಮುಂಚೆ, ಅದು ತನ್ನ ಹುಕ್‌ಗಳನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಕೀಳಬೇಕು ಅಂದರೆ ಆ ಮೆಮೊರಿ ಬರೆಯುವ ಹಾಗೆ ಇರಬೇಕು. ಅಂದರೆ ಒಂದು ಅನುಕೂಲಕ್ಕಾಗಿ, ಆ ಸೌಲಭ್ಯ ಸೇರಿಸಿ ಕಂಪೈಲ್ ಮಾಡಿದ ಕರ್ನೆಲ್‌ಗಳೆಲ್ಲ ಸೀಲ್ ಇಲ್ಲದೆ ಓಡಬೇಕಿತ್ತು. ವರ್ಷಗಟ್ಟಲೆ ಎಚ್ಚರಿಕೆ ಕೊಟ್ಟು, ಕೊನೆಗೆ 2023ರ 6.4 ಕರ್ನೆಲ್‌ನಲ್ಲಿ ಅದನ್ನು ತೆಗೆದುಹಾಕಿದರು. ಸರಿಯಾದ ತೀರ್ಮಾನ. ಎಸ್‌ಇ-ಲಿನಕ್ಸ್ ಪೂರ್ತಿ ಬೇಡ ಅನ್ನುವವರು ಈಗ ಬೂಟ್ ಪ್ಯಾರಾಮೀಟರ್‌ನಲ್ಲೇ ಹೇಳಬೇಕು.

ಎಸ್‌ಇ-ಲಿನಕ್ಸ್‌ನ ಬೂಟ್ ಕ್ರಮವನ್ನು ಹತ್ತಿರದಿಂದ ನೋಡಿದರೆ ಈ 'ಯಾವಾಗ' ಅನ್ನುವುದಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಕೋಡ್ ಕರ್ನೆಲ್‌ನಲ್ಲೇ ಇದೆ, ಆದರೆ ನಿಯಮಗಳು, ಅಂದರೆ ಪಾಲಿಸಿ, ಡಿಸ್ಕ್‌ನಲ್ಲಿ ಇದೆ. ಡಿಸ್ಕ್ ಸಿಗುವುದು ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಹುಟ್ಟಿದ ಎಲ್ಲ ಪ್ರೋಸೆಸ್‌ಗಳಿಗೂ ಕರ್ನೆಲ್‌ನದೇ ಲೇಬಲ್ ಅಂಟಿರುತ್ತದೆ, ಮೊದಲ ಪ್ರೋಸೆಸ್‌ಗೂ ಅಷ್ಟೇ. ಹಾಗಾಗಿ ಹಳೆಯ ಸಿಸ್‌ವಿ ಇನಿಟ್ (ಆ ಮೊದಲ ಪ್ರೋಸೆಸ್) ಎದ್ದ ತಕ್ಷಣ ಬೇರೆ ಯಾರನ್ನೂ ಶುರು ಮಾಡುವ ಮುಂಚೆ ಪಾಲಿಸಿಯನ್ನು ಕರ್ನೆಲ್‌ಗೆ ಕೊಡುತ್ತಿತ್ತು. ಆಮೇಲೆ ತನ್ನನ್ನೇ ಇನ್ನೊಮ್ಮೆ ಎಕ್ಸಿಕ್ಯೂಟ್ ಮಾಡಿಕೊಳ್ಳುತ್ತಿತ್ತು. ಯಾಕೆ? ಸಾಮಾನ್ಯವಾಗಿ ಲೇಬಲ್ ಬದಲಾಗುವುದು ಎಕ್ಸಿಕ್ಯೂಟ್ ಆಗುವಾಗ. ಮತ್ತೆ ಹುಟ್ಟಿದರೆ ತಾನೇ ಸರಿಯಾದ ಲೇಬಲ್ ಸಿಗುವುದು! ನನಗೆ ಇದು ತುಂಬಾ ಇಷ್ಟವಾದ ಪರಿಹಾರ, ಯಾವ ವಿಶೇಷ ರಿಯಾಯಿತಿಯೂ ಇಲ್ಲದೆ ಎಲ್ಲರಿಗೂ ಇರುವ ನಿಯಮದಲ್ಲೇ ತನ್ನನ್ನೂ ಸೇರಿಸಿಕೊಳ್ಳುವುದು.

ನಡುವೆ ಕೆಲವು ದಿನ ಎಸ್‌ಇ-ಲಿನಕ್ಸ್ ಆಫ್ ಮಾಡಿ ಮತ್ತೆ ಆನ್ ಮಾಡಿದವರಿಗೆ ಇನ್ನೊಂದು ಅನುಭವ ಇರುತ್ತದೆ. ಆಫ್ ಇದ್ದಾಗ ಹುಟ್ಟಿದ ಫೈಲ್‌ಗಳಿಗೆ ಲೇಬಲ್ ಇರುವುದಿಲ್ಲ. ಆಗ ಇಡೀ ಫೈಲ್ ಸಿಸ್ಟಮ್‌ಗೆ ಹೊಸದಾಗಿ ಲೇಬಲ್ ಹಚ್ಚಬೇಕು, ದೊಡ್ಡ ಡಿಸ್ಕ್ ಆದರೆ ಬಹಳ ಹೊತ್ತು. ಕಾವಲು ಇಲ್ಲದ ನಾಲ್ಕು ದಿನದ ಸಾಲವನ್ನು ಹೀಗೆ ತೀರಿಸಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಮಾಮೂಲಿ ಮಾಡ್ಯೂಲ್‌ಗಳ ಬಾಗಿಲು ತೆರೆದೇ ಇದೆ, ಡ್ರೈವರ್‌ಗಳು ಬರಬೇಕಲ್ಲ. ಆ ಬಾಗಿಲಿನಿಂದ ಕೆಟ್ಟ ಕೋಡ್ ಬಂದರೆ ಸೀಲ್ ಮಾಡಿದ ಪುಟವನ್ನೂ ಬಿಚ್ಚಬಹುದು, ಯಾಕೆಂದರೆ ಅದೂ ಕರ್ನೆಲ್ಲೇ. ಇಲ್ಲಿ ಸಹಿಯ ಪ್ರಶ್ನೆ ಬರುತ್ತದೆ. 2012ರ ಡಿಸೆಂಬರ್‌ನ 3.7 ಕರ್ನೆಲ್‌ನಿಂದ ಮಾಡ್ಯೂಲ್‌ಗೆ ಸಹಿ ಹಾಕುವ ವ್ಯವಸ್ಥೆ ಇದೆ. ಸಹಿಯನ್ನು ಮಾಡ್ಯೂಲ್ ಫೈಲ್‌ನ ಬಾಲಕ್ಕೆ ಅಂಟಿಸುತ್ತಾರೆ, ಅದರ ಹಿಂದೆ "ಇಲ್ಲಿ ಸಹಿ ಇದೆ" ಅನ್ನುವ ಅರ್ಥದ 28 ಬೈಟ್‌ಗಳ ಒಂದು ಗುರುತು. ಬಾಲದಲ್ಲಿ ಇರುವುದರಿಂದ ಒಂದು ಎಡವಟ್ಟೂ ಇದೆ. ಸೈಜ್ ಕಡಿಮೆ ಮಾಡೋಣ ಅಂತ ಸಹಿ ಆದ ಮೇಲೆ 'ಸ್ಟ್ರಿಪ್' ಓಡಿಸಿದರೆ ಡಿಬಗ್ ಮಾಹಿತಿ ಜೊತೆಗೆ ಸಹಿಯೂ ಉದುರಿಹೋಗುತ್ತದೆ. ಸ್ಟ್ರಿಪ್ ಮೊದಲು, ಸಹಿ ಆಮೇಲೆ.

ಸಹಿ ಇದ್ದರೆ ಸಾಲದು, ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ಸಡಿಲ ಮೋಡ್‌ನಲ್ಲಿ ಕರ್ನೆಲ್ ಲಾಗ್‌ನಲ್ಲಿ ಗೊಣಗಿ, ತನ್ನ ಮೇಲೆ ಒಂದು ಕಳಂಕದ ಗುರುತು ಹಾಕಿಕೊಂಡು, ಮಾಡ್ಯೂಲನ್ನು ಒಳಗೆ ಬಿಡುತ್ತದೆ. ಕಡ್ಡಾಯ ಮೋಡ್‌ನಲ್ಲಿ ಮಾತ್ರ ತಿರಸ್ಕರಿಸುತ್ತದೆ. ಸೆಕ್ಯೂರ್ ಬೂಟ್ (ಸಹಿ ಇರುವ ಕೋಡ್‌ನಿಂದಲೇ ಯಂತ್ರ ಏಳುವ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ಹಲವು ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) ಲಾಕ್‌ಡೌನ್ ಆನ್ ಮಾಡಿ ಇದನ್ನು ಕಡ್ಡಾಯ ಮಾಡುತ್ತವೆ. 2019ರ 5.4ರಲ್ಲಿ ಬಂದ ಲಾಕ್‌ಡೌನ್‌ನ ಉದ್ದೇಶವೇ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಬೇರೆ, ಕರ್ನೆಲ್ ಬೇರೆ ಅಂತ ಗೆರೆ ಎಳೆಯುವುದು. ಅದರ ಮಟ್ಟವನ್ನು ಏರಿಸಬಹುದು, ಇಳಿಸಲು ರೀಬೂಟ್ ಬೇಕು.

2013ರ 3.8ರಲ್ಲಿ ಬಂದ ಇನ್ನೊಂದು ಬದಲಾವಣೆ ನೋಡಲು ಚಿಕ್ಕದು. ಮೊದಲು ಮಾಡ್ಯೂಲ್ ಲೋಡ್ ಮಾಡುವಾಗ ಪ್ರೋಗ್ರಾಂ ಫೈಲನ್ನು ತಾನೇ ಓದಿ, ಆ ಬೈಟ್‌ಗಳನ್ನು ಕರ್ನೆಲ್ ಕೈಗೆ ಕೊಡುತ್ತಿತ್ತು. ಬೈಟ್‌ಗಳಿಗೆ ಊರು ಕೇರಿ ಇಲ್ಲ, ಎಲ್ಲಿಂದ ಬಂದವು ಅಂತ ಕರ್ನೆಲ್‌ಗೆ ತಿಳಿಯದು. ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನೆಲ್ಲನ್ನು ಕೇಳುವ ದಾರಿ) ಬೈಟ್ ಬದಲು ತೆರೆದ ಫೈಲನ್ನೇ ತೆಗೆದುಕೊಳ್ಳುತ್ತದೆ. ಈಗ ಕರ್ನೆಲ್ "ಈ ಫೈಲ್ ಯಾವ ಡಿಸ್ಕ್‌ನಿಂದ ಬಂತು?" ಅಂತ ಕೇಳಬಹುದು. ಲೋಡ್‌ಪಿನ್ ಅನ್ನುವ ಪುಟ್ಟ ಎಲ್‌ಎಸ್‌ಎಂ ಇದನ್ನೇ ಬಳಸುತ್ತದೆ. ಮೊದಲ ಮಾಡ್ಯೂಲ್ ಯಾವ ಫೈಲ್ ಸಿಸ್ಟಮ್‌ನಿಂದ ಬಂತೋ ಮುಂದಿನವೂ ಅಲ್ಲಿಂದಲೇ ಬರಬೇಕು. ಆ ಫೈಲ್ ಸಿಸ್ಟಮ್ ತಿದ್ದಲಾಗದ ಹಾಗೆ ಇದ್ದರೆ ಒಂದೊಂದಕ್ಕೂ ಸಹಿ ಇಲ್ಲದೆಯೇ ಕೆಲಸ ನಡೆಯುತ್ತದೆ.

ಸಹಿ ಹೇಳುವುದು ಯಾರು ಕೊಟ್ಟರು ಅಂತ ಮಾತ್ರ, ಒಳ್ಳೆಯದು ಅಂತ ಅಲ್ಲ. ದಾಳಿ ಮಾಡುವವರು ಸಹಿ ಇರುವ, ಆದರೆ ತೂತು ಇರುವ ಹಳೆಯ ಡ್ರೈವರನ್ನು ತಾವೇ ತಂದು ವಿಂಡೋಸ್ ಯಂತ್ರಕ್ಕೆ ಹಾಕಿ, ಅದರ ಮೂಲಕ ಆಂಟಿವೈರಸ್ಸನ್ನೇ ಕೊಲ್ಲುವುದು ಈಗ ಮಾಮೂಲಿ ತಂತ್ರ. ಸಹಿ ಅಸಲಿ, ಡ್ರೈವರೂ ಅಸಲಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಸೆಕ್ಯುರಿಟಿ ಡ್ರೈವರ್ ವಿಂಡೋಸ್ ಯಂತ್ರಗಳನ್ನು ಬೀಳಿಸಿದ ದಿನ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು. ಡ್ರೈವರ್‌ಗೆ ಸಹಿ ಇತ್ತು, ಪರೀಕ್ಷೆಯೂ ಆಗಿತ್ತು. ಆ ದಿನ ಬದಲಾದದ್ದು ಡ್ರೈವರ್ ಅಲ್ಲ, ಅದು ಓದುವ ಒಂದು ಡೇಟಾ ಫೈಲ್. ಹೊಸ ನಿಯಮ 21ನೇ ಇನ್‌ಪುಟ್ ಕೇಳಿತು, ಕೋಡ್ ಕೊಡುತ್ತಿದ್ದದ್ದು 20. ಇಲ್ಲದ ಜಾಗದಿಂದ ಓದಲು ಹೋಗಿ ಕರ್ನೆಲ್ ಬಿತ್ತು. ತಪ್ಪು ಫೈಲನ್ನು 78 ನಿಮಿಷದಲ್ಲಿ ಹಿಂತೆಗೆದುಕೊಂಡರು. ಆದರೆ ಡ್ರೈವರ್ ಬೂಟ್ ಹೊತ್ತಿನಲ್ಲೇ ಏಳುವಂಥದ್ದು. ಹಾಗಾಗಿ ಎದ್ದು ನೆಟ್‌ವರ್ಕ್‌ನಿಂದ ಸರಿಯಾದ ಫೈಲ್ ತರುವ ಮುಂಚೆಯೇ ಯಂತ್ರ ಮತ್ತೆ ಬೀಳುತ್ತಿತ್ತು. ಬೇಗ ಬರಬೇಕು ಅನ್ನುವ ನಿಯಮಕ್ಕೆ ಇರುವ ಬೆಲೆ ಇದು. ಎಲ್ಲರಿಗಿಂತ ಮೊದಲು ಏಳುವವನು ಬಿದ್ದರೆ ಎತ್ತಲು ಯಾರೂ ಇರುವುದಿಲ್ಲ. ಹಾಗಾಗಿ ಕರ್ನೆಲ್ ಒಳಗೆ ಓದುವ ಡೇಟಾವನ್ನೂ ಕೋಡ್‌ನಷ್ಟೇ ಅನುಮಾನದಿಂದ ನೋಡಬೇಕು. ಎಸ್‌ಇ-ಲಿನಕ್ಸ್ ಹೊಸ ಪಾಲಿಸಿ ಬಂದಾಗ ಹಳೆಯದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸದನ್ನು ಪೂರ್ತಿ ಕಟ್ಟಿ, ಪರೀಕ್ಷಿಸಿ, ಎಲ್ಲ ಸರಿ ಇದ್ದರೆ ಒಂದೇ ಏಟಿಗೆ ಬದಲಿಸುತ್ತದೆ. ನಡುವೆ ಏನಾದರೂ ತಪ್ಪಿದರೆ ಹಳೆಯದೇ ಮುಂದುವರಿಯುತ್ತದೆ.

ಓಡುವಾಗಲೇ ಹೊಸ ನಿಯಮ ಹಾಕಬೇಕು ಅನ್ನುವವರಿಗೆ ಮತ್ತೆ ದಾರಿ ಸಿಕ್ಕಿದ್ದು 2020ರ 5.7ರಲ್ಲಿ, ಬಿಪಿಎಫ್ ಎಲ್‌ಎಸ್‌ಎಂ ಮೂಲಕ. ಇದರ ಹುಕ್‌ಗಳು ಬೂಟ್ ಹೊತ್ತಿನಲ್ಲೇ ಜಾಗ ಹಿಡಿದು ಖಾಲಿ ಕೂತಿರುತ್ತವೆ. ಆಮೇಲೆ ನಾವು ಬರೆದ ಪುಟ್ಟ ಪ್ರೋಗ್ರಾಂ ಅಲ್ಲಿ ಬಂದು ಕೂರುತ್ತದೆ. ಕೂರುವ ಮುಂಚೆ ವೆರಿಫೈಯರ್ ಅದರ ಪ್ರತಿ ದಾರಿಯನ್ನೂ ನಡೆದು ನೋಡುತ್ತದೆ, ಇದು ಮುಗಿಯುತ್ತದಾ, ತನ್ನದಲ್ಲದ ಮೆಮೊರಿ ಮುಟ್ಟುತ್ತದಾ ಅಂತ. ಸಂಶಯ ಬಂದರೆ ಬಿಡುವುದಿಲ್ಲ. ಮಾಡ್ಯೂಲ್‌ಗೆ ಇಲ್ಲದ ಬೇಲಿ ಇದಕ್ಕಿದೆ. ಲೇಬಲ್ ಜಾಗವನ್ನೂ ಬೇಕಾದಾಗ ಆ ಐನೋಡ್‌ಗೆ, ಆ ಟಾಸ್ಕ್‌ಗೆ ಪ್ರತ್ಯೇಕವಾಗಿ ಪಡೆಯಬಹುದು.

ಆದರೆ ತಡವಾಗಿ ಬಂದವನ ತೊಂದರೆ ಇಲ್ಲಿಯೂ ಹಾಗೇ ಇದೆ, ಮುಂಚೆ ತೆರೆದ ಫೈಲ್ ಇದಕ್ಕೆ ಗೊತ್ತಿಲ್ಲ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಪ್ರೋಗ್ರಾಂ ಲೋಡ್ ಮಾಡಿದ ಪ್ರೋಸೆಸ್ ಸತ್ತರೆ, ಅದನ್ನು ಬಿಪಿಎಫ್ ಫೈಲ್ ಸಿಸ್ಟಮ್‌ನಲ್ಲಿ ಪಿನ್ ಮಾಡಿರದಿದ್ದರೆ (ಒಂದು ಫೈಲ್ ಹೆಸರಿಗೆ ಕಟ್ಟಿ ಇಟ್ಟಿರದಿದ್ದರೆ), ಹುಕ್ ಕೂಡ ಕಳಚಿಕೊಳ್ಳುತ್ತದೆ. ಅದನ್ನು ಲೋಡ್ ಮಾಡಿದ ಏಜೆಂಟ್ ಕ್ರ್ಯಾಶ್ ಆದದ್ದೇ ತಡ, ಕಾವಲು ಇಲ್ಲ. ಪಿನ್ ಮಾಡಿ, ಆ ಪಿನ್ ಅಳಿಸುವ ಹಕ್ಕು ಯಾರಿಗಿದೆ ಅಂತಲೂ ನೋಡಿ.

ನಾನು ಈಗ ಮಾಡುವ ಕ್ರಮ ಹೀಗಿದೆ. ಬೂಟ್ ಸಾಲು ಮುಟ್ಟುವ ಮುಂಚೆ ಇರುವ ಪಟ್ಟಿಯನ್ನು ಪೂರ್ತಿ ಕಾಪಿ ಮಾಡಿಕೊಂಡು, ಹೊಸ ಹೆಸರನ್ನು ಅದರ ಕೊನೆಗೆ ಸೇರಿಸಿ, ಇಡೀ ಸಾಲನ್ನು ಬರೆಯುತ್ತೇನೆ. ಹಳೆಯ ಬೂಟ್ ಎಂಟ್ರಿ ಅಳಿಸುವುದಿಲ್ಲ, ಕನ್ಸೋಲ್ ಕೈಗೆ ಸಿಗುತ್ತದೆ ಅಂತ ಖಾತ್ರಿ ಮಾಡಿಕೊಂಡೇ ರೀಬೂಟ್. ಹೊಸ ಪಾಲಿಸಿ ಮೊದಲು ಕೆಲವು ದಿನ ಲಾಗ್ ಮಾತ್ರ ಬರೆಯಲಿ, ಕಡ್ಡಾಯ ಆಮೇಲೆ. ಬೇಕಾದ ಡ್ರೈವರ್‌ಗಳೆಲ್ಲ ಬಂದ ಮೇಲೆ 'ಮಾಡ್ಯೂಲ್ಸ್ ಡಿಸೇಬಲ್ಡ್' ಅನ್ನುವ ಸೆಟ್ಟಿಂಗನ್ನು 1 ಮಾಡುತ್ತೇನೆ. ಅದನ್ನು ಮತ್ತೆ 0 ಮಾಡಲು ರೂಟ್‌ಗೂ ಆಗುವುದಿಲ್ಲ, ರೀಬೂಟ್ ಒಂದೇ ದಾರಿ. ಆಮೇಲೆ ಚುಚ್ಚಿದ ಹೊಸ ಸಾಧನಕ್ಕೆ ಡ್ರೈವರ್ ಸಿಗದೇ ಹೋಗಬಹುದು, ಸರ್ವರ್‌ನಲ್ಲಿ ಅದು ನನಗೆ ಒಪ್ಪಿಗೆ.

ಬೂಟ್ ಆಗುವಾಗ ಓಡುವ ಒಂದು ಪುಟ್ಟ ಸ್ಕ್ರಿಪ್ಟನ್ನೂ ಸೇರಿಸಿದ್ದೇನೆ. ಅದು ಎಲ್‌ಎಸ್‌ಎಂ ಪಟ್ಟಿಯನ್ನು ಓದಿ, ಇರಬೇಕಾದ ಪಟ್ಟಿಯ ಜೊತೆ ಹೋಲಿಸುತ್ತದೆ. ಒಂದು ಹೆಸರು ಕಮ್ಮಿ ಇದ್ದರೂ ಫೇಲ್ ಆಗುತ್ತದೆ, ಸ್ಕಿಪ್ ಅಲ್ಲ. ಅದು ಫೇಲ್ ಆದರೆ ಹೊರಗಿನ ಕನೆಕ್ಷನ್ ತೆಗೆದುಕೊಳ್ಳುವ ಯಾವ ಸರ್ವಿಸೂ ಆ ಯಂತ್ರದಲ್ಲಿ ಶುರುವಾಗುವುದಿಲ್ಲ.